ಕೇಳಲು ಬಾರದವರು

ಪುರಸಭೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದಾಕೆಯನ್ನು ಊರೆಲ್ಲ ಲೈಬ್ರರಿ ಅಕ್ಕ ಎಂದೇ ಕರೆಯುತ್ತಿತ್ತು. ಹಲ್ಲುದುರಿದ ಮುದುಕರಿಗೂ ಆಕೆ ಅಕ್ಕ, ಶಾಲೆಯ ಮಕ್ಕಳಿಗೂ ಅಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಆಕೆಗೆ ಕಸಿವಿಸಿಯಾಗುತ್ತಿತ್ತು. ಆಮೇಲೆ ಎಷ್ಟು ರೂಢಿಯಾಯಿತೆಂದರೆ, ಬ್ಯಾಂಕಿನಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ಆಕೆಯೇ ಸುತ್ತ ನೋಡುತ್ತಿದ್ದಳು.

ಲೈಬ್ರರಿ ಎಂದ ಕೂಡಲೇ ದೊಡ್ಡದೇನೋ ಎಂದುಕೊಳ್ಳಬೇಡಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಉದ್ದನೆಯ ಒಂದು ಹಾಲ್, ಅಷ್ಟೇ. ಕಬ್ಬಿಣದ ಕಪಾಟುಗಳು, ನಡುವೆ ಎರಡು ಉದ್ದ ಮೇಜು, ತಿರುಗುವಾಗ ಟಕಟಕ ಎನ್ನುವ ಫ್ಯಾನು. ಟ್ಯಾಂಕು ತುಂಬಿ ಚೆಲ್ಲಿದ ದಿನ ಹಿಂದಿನ ಗೋಡೆ ಒದ್ದೆಯಾಗುತ್ತಿತ್ತು. ಆ ಗೋಡೆಯ ಕಪಾಟನ್ನು ಅಕ್ಕ ಒಂದು ಗೇಣು ಮುಂದಕ್ಕೆ ಎಳೆದಿಟ್ಟಿದ್ದಳು. ಮೊದಲು ಅಲ್ಲಿ ಒಬ್ಬ ಗುಮಾಸ್ತ ಇದ್ದ, ಒಬ್ಬ ಜವಾನ ಇದ್ದ. ಗುಮಾಸ್ತ ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಜವಾನನನ್ನು ಪುರಸಭೆ ಅಧ್ಯಕ್ಷರ ಕೋಣೆಗೆ ಚಹಾ ತಂದುಕೊಡಲು ಕರೆಸಿಕೊಂಡರು, ಅವನು ಅಲ್ಲೇ ಉಳಿದುಬಿಟ್ಟ. ಹೀಗೆ ಕಸ ಗುಡಿಸುವುದರಿಂದ ಹಿಡಿದು ಪುಸ್ತಕದ ಬೆನ್ನು ಅಂಟಿಸುವವರೆಗೆ ಎಲ್ಲವೂ ಅಕ್ಕನ ಹೆಗಲಿಗೆ ಬಿತ್ತು.

ಹೆಗಲು ತಡೆದುಕೊಂಡಿತು, ಮಂಡಿ ಕೈಕೊಟ್ಟಿತು. ದಿನವೂ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಬಗ್ಗಿ ಎದ್ದು ಕಪಾಟು ಸೇರಿಸುವುದು ಆಕೆಗೆ ಆಗದ ಮಾತಾಯಿತು. ಆಗ ಆಕೆ ಒಂದು ಉಪಾಯ ಮಾಡಿದಳು. ಪುಸ್ತಕಗಳ ಬೆನ್ನಿಗೆ ಬಣ್ಣದ ಕಾಗದ ಅಂಟಿಸಿದಳು. ಕತೆಗೆ ಕೆಂಪು, ಆರೋಗ್ಯಕ್ಕೆ ಹಸಿರು, ಕಾನೂನಿಗೆ ನೀಲಿ, ಕಸುಬಿನ ಪುಸ್ತಕಕ್ಕೆ ಹಳದಿ. ಕಪಾಟಿನ ಅಂಚಿಗೂ ಅದೇ ಬಣ್ಣ. ‘ನೀವು ತೆಗೆದದ್ದನ್ನ ನೀವೇ ಇಡಿ, ಪುಣ್ಯ ಬರುತ್ತೆ’ ಎಂದಳು. ಲೈಬ್ರರಿಯ ಕೆಲಸ ಕಲಿಸುವವರು ಇದನ್ನು ಒಪ್ಪುವುದಿಲ್ಲ. ಓದುಗ ಪುಸ್ತಕವನ್ನು ಮೇಜಿನ ಮೇಲೇ ಬಿಡಬೇಕು, ಇಡುವ ಕೆಲಸ ಲೈಬ್ರೇರಿಯನ್ನರದು ಎಂದು ಅಕ್ಕನಿಗೂ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆಕೆ ಆ ಪಾಠವನ್ನು ಗಾಳಿಗೆ ತೂರಿದಳು. ಅದೇ ಮುಂದೆ ಆಕೆಯ ಕುತ್ತಿಗೆಗೆ ಬಂತು.

ಓದುಗರು ಮಾತ್ರ ಈ ಕೆಲಸವನ್ನು ಸ್ವಂತ ಮನೆಯದೇ ಎನ್ನುವಂತೆ ಹಚ್ಚಿಕೊಂಡರು. ಎಲ್ಲರಿಗಿಂತ ಮುಂದೆ ನಿವೃತ್ತ ಪೋಸ್ಟ್‌ಮ್ಯಾನ್. ಜೀವಮಾನವೆಲ್ಲ ಕಾಗದ ವಿಂಗಡಿಸಿದ ಕೈ ಅದು, ಸುಮ್ಮನಿರುತ್ತದೆಯೇ? ‘ಪುಸ್ತಕಾನೂ ಒಂಥರಾ ಟಪಾಲೇ ಅಕ್ಕಾ, ಅದರದ್ದರ ಮನೆ ಸೇರಬೇಕು’ ಎಂದು ಬೆಳಿಗ್ಗೆಯೇ ಬಂದು ಕಪಾಟು ಜೋಡಿಸುತ್ತಿದ್ದರು. ಅವರ ಜೊತೆಗೆ ಎದುರು ಸಾಲಿನ ಟೈಲರ್, ಪರೀಕ್ಷೆಗೆ ಓದುವ ಹುಡುಗಿಯರು, ತರಕಾರಿ ಮಾರುವ ಹೆಂಗಸು. ಒಂದೆರಡು ವರ್ಷದಲ್ಲಿ ಯಾರು ಯಾವ ಪುಸ್ತಕ ಬೇಕೆಂದರೂ ಅಕ್ಕ ಕುರ್ಚಿಯಿಂದ ಏಳುವ ಮೊದಲೇ ಇನ್ಯಾರೋ ತಂದುಕೊಡುತ್ತಿದ್ದರು.

ಹಾಗಾದರೆ ಅಕ್ಕನಿಗೆ ಏನು ಕೆಲಸ ಉಳಿಯಿತು ಎಂದು ನೀವು ಕೇಳಬಹುದು. ಲೈಬ್ರೇರಿಯನ್ ಎಂದರೆ ಕುರ್ಚಿ ಬಿಸಿ ಮಾಡುತ್ತಾ ಮುದ್ರೆ ಒತ್ತುವವರು ಎಂದುಕೊಂಡವರು ಹಾಗೆಯೇ ಕೇಳುತ್ತಾರೆ. ಅಂಥವರ ಮೇಲೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಬೇಕಾದ ಪುಸ್ತಕದ ಹೆಸರು ಗೊತ್ತಿದ್ದವನಿಗೆ ಯಾರ ಸಹಾಯವೂ ಬೇಡ. ಏನು ಬೇಕೆಂದು ಹೇಳಲು ಬಾಯಿ ಬಾರದೆ, ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸುವವರಿರುತ್ತಾರಲ್ಲ, ಅವರನ್ನು ನೋಡುವ ಕಣ್ಣು ಬೇಕು. ಹೆಂಡತಿಯನ್ನು ಕಳೆದುಕೊಂಡ ಗಂಡಸು ಬಂದು ‘ಹೊತ್ತು ಹೋಗೋಕೆ ಏನಾದ್ರೂ ಇದ್ದರೆ ಕೊಡಿ’ ಎಂದರೆ ಅಕ್ಕ ಏನನ್ನೂ ಕೆದಕುತ್ತಿರಲಿಲ್ಲ. ಕತೆಯ ಪುಸ್ತಕದ ಜೊತೆಗೆ ಒಬ್ಬರಿಗೆ ಅಡುಗೆ ಮಾಡಿಕೊಳ್ಳುವ ಪುಸ್ತಕವನ್ನೂ ಇಟ್ಟು ಕೊಡುತ್ತಿದ್ದಳು. ಯಾರು ಏನು ಓದಿದರು, ಏನು ಕೇಳಲು ಬಂದು ಕೇಳದೆ ಹೋದರು ಎಂಬುದನ್ನು ಹೊರಗೆ ಬಾಯಿ ಬಿಟ್ಟವಳಲ್ಲ. ಆಕೆ ಇದ್ದದ್ದು ತಮ್ಮನ ಮನೆಯಲ್ಲಿ. ತಮ್ಮನ ಹೆಂಡತಿ ಮಾತಿನ ಮಲ್ಲಿ, ಕಲ್ಲನ್ನೂ ಮಾತಾಡಿಸಿಬಿಡುವವಳು. ಅವಳ ಹತ್ತಿರವೂ ಅಕ್ಕನ ಬಾಯಿಗೆ ಬೀಗ.

ಹಾಗೆ ಬಾಗಿಲಲ್ಲಿ ನಿಂತವರಲ್ಲಿ ಒಬ್ಬರು ಮೇಸ್ತ್ರಿ.

ಮೇಸ್ತ್ರಿ ಎಂದರೆ ಊರಿನ ಅರ್ಧ ಕಟ್ಟಡಗಳನ್ನು ಎಬ್ಬಿಸಿದವರು. ಕೂಲಿಯಿಂದ ಮೇಲೆ ಬಂದು, ಜನರ ಪ್ರೀತಿ ಗಳಿಸಿ, ಚುನಾವಣೆ ಗೆದ್ದು ಪುರಸಭೆಯ ಸದಸ್ಯರಾಗಿದ್ದರು. ಸಭೆಯಲ್ಲಿ ಕಾಗದ ಕೈಗೆ ಬಂದರೆ ಜೇಬು ಮುಟ್ಟಿ ನೋಡಿಕೊಂಡು, ‘ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದೆ, ನೀವೇ ಓದಿ’ ಎನ್ನುತ್ತಿದ್ದರು. ಮರೆವಿನ ಮೇಸ್ತ್ರಿ ಎಂದು ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ಒಮ್ಮೆ ಲೈಬ್ರರಿಯ ಒದ್ದೆ ಗೋಡೆ ನೋಡಲು ಬಂದಾಗ ಅಕ್ಕ ದುರಸ್ತಿಯ ಅರ್ಜಿಯನ್ನು ಮುಂದಿಟ್ಟಳು. ಅವರು ಅದನ್ನು ಬಹಳ ಹೊತ್ತು ನೋಡಿದರು, ತಲೆಯಾಡಿಸಿದರು, ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದರು. ಅಕ್ಕ ಅದನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡಳು.

‘ಮೇಸ್ತ್ರಿಗಳೇ, ಮಧ್ಯಾಹ್ನ ಊಟದ ಹೊತ್ತಲ್ಲಿ ಲೈಬ್ರರಿ ಬಾಗಿಲು ಹಾಕಿರುತ್ತೆ. ಹಿಂದಿನ ಬಾಗಿಲು ತೆಗೆದಿರ್ತೀನಿ. ಗೋಡೆ ಇನ್ನೊಂದ್ಸಲ ಸರಿಯಾಗಿ ನೋಡ್ಬೇಕು ಅನ್ಸಿದರೆ ಬನ್ನಿ.’

ಅವರ ಮುಖ ಸುಣ್ಣದಂತಾಯಿತು. ಗೋಡೆಯನ್ನೂ ನೋಡದೆ ಹೊರಟುಹೋದರು. ಮರುದಿನ ಮಧ್ಯಾಹ್ನ ಬಂದರು.

‘ಸಹಿ ಹಾಕೋಕೆ ಬರುತ್ತೆ ಅಕ್ಕಾ, ಚಿತ್ರ ಬಿಡಿಸಿದ ಹಾಗೆ. ಆದರೆ ಯಾವುದಕ್ಕೆ ಹಾಕ್ತಿದ್ದೀನಿ ಅಂತ ಗೊತ್ತಿರಲ್ಲ. ಓದಿ ಹೇಳೋರು ಹೇಳಿದ್ದೇ ನಿಜ. ಯಾವತ್ತೋ ಒಂದಿನ ನನ್ನ ಕೈಯಿಂದಲೇ ಯಾರದೋ ಮನೆ ಕೆಡವಿಸಿಬಿಡ್ತಾರೆ ಅಂತ ಭಯ.’ ಹೀಗೆಂದು ಹಿಂದಿನ ಬಾಗಿಲ ಕಡೆ ನೋಡಿ, ‘ಯಾರಿಗಾದರೂ...’ ಎಂದು ತಡವರಿಸಿದರು.

‘ಹೇಳೋಲ್ಲ,’ ಎಂದಳು ಅಕ್ಕ.

ಅಂದಿನಿಂದ ಹಿಂದಿನ ಕಪಾಟಿನ ಮರೆಯಲ್ಲಿ ಪಾಠ. ಮಕ್ಕಳ ಪುಸ್ತಕ ಕೊಟ್ಟರೆ ಮೇಸ್ತ್ರಿಗೆ ಅವಮಾನವಾದೀತೆಂದು ಅಕ್ಕ ಅವರದೇ ಮಾತುಗಳಿಂದ ಶುರು ಮಾಡಿದಳು. ಮರಳು, ನೀರು, ಬಾಗಿಲು, ಕಿಟಕಿ. ಇವೆಲ್ಲ ಬೇಗ ಬಂದವು. ಇಟ್ಟಿಗೆಗೆ ಬಂದಾಗ ಬಂಡಿ ನಿಂತಿತು. ಒಂದು ಅಕ್ಷರದ ಅಡಿಯಲ್ಲಿ ಇನ್ನೊಂದನ್ನು ಕಂಡು ಮೇಸ್ತ್ರಿ ಗಾಬರಿಯಾದರು. ‘ಇದ್ಯಾವ ಮೇಸ್ತ್ರಿ ಕಟ್ಟಿದ್ದು ಅಕ್ಕಾ? ತಳಪಾಯದ ಕೆಳಗೆ ಇನ್ನೊಂದು ಅಂತಸ್ತು ಯಾರಾದರೂ ಹಾಕ್ತಾರಾ?’ ಅಕ್ಕ ಅಷ್ಟು ನಕ್ಕದ್ದು ಆ ಹಾಲಿನಲ್ಲಿ ಅದೇ ಮೊದಲು. ಒತ್ತಕ್ಷರಗಳು ಮಾತ್ರ ಬಹಳ ಕಾಡಿದವು. ಒಂದು ಕಲಿತರೆ ಹಿಂದಿನದು ಕೈಬಿಟ್ಟು ಹೋಗುತ್ತಿತ್ತು. ಆದರೂ ಅವರು ಪಟ್ಟು ಬಿಡಲಿಲ್ಲ, ಆಕೆಯೂ ಬಿಡಲಿಲ್ಲ.

ಹೀಗಿರುವಾಗ ಪುರಸಭೆಗೆ ಹೊಸ ಅಧ್ಯಕ್ಷರು ಬಂದರು. ಸಭ್ಯ ಮನುಷ್ಯ, ಗದರುವವರಲ್ಲ. ಬೇಡದ ಹುದ್ದೆಗಳನ್ನು ತೆಗೆದುಹಾಕುವುದು ಅವರ ಹುಮ್ಮಸ್ಸು. ಲೈಬ್ರೇರಿಯನ್ ಹುದ್ದೆ ಇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಸದಸ್ಯರೆಲ್ಲ ಲೈಬ್ರರಿಗೇ ಬಂದು ಸಭೆ ಮಾಡುತ್ತಾರೆ ಎಂದು ಸುದ್ದಿ ಬಂತು. ಸಂಬಳ ನಿಲ್ಲುವುದಿಲ್ಲ, ಬೇರೆ ಕಡೆ ಹಾಕುತ್ತಾರೆ ಎಂದು ಅಕ್ಕನಿಗೆ ಗೊತ್ತಿತ್ತು. ಆಕೆಗೆ ಬೇಕಾಗಿದ್ದದ್ದು ಆ ಕುರ್ಚಿ, ಬಾಗಿಲಿಗೆ ಮುಖ ಮಾಡಿ ಕೂರುವ ಆ ಜಾಗ.

‘ನಾನಿದ್ದೀನಿ ಅಕ್ಕಾ,’ ಎಂದರು ಮೇಸ್ತ್ರಿ ಮಧ್ಯಾಹ್ನದ ಪಾಠದಲ್ಲಿ. ‘ಅಲ್ಲಿ ನನ್ನ ಮಾತು ನಡೆಯುತ್ತೆ.’

ಪೋಸ್ಟ್‌ಮ್ಯಾನ್ ಅಂತೂ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡಿದರು. ನಮ್ಮ ಲೈಬ್ರರಿ ಎಷ್ಟು ಚೆನ್ನಾಗಿದೆ ಎಂದು ಅವರು ಕಣ್ಣಾರೆ ನೋಡಲಿ, ಆಮೇಲೆ ಹೇಗೆ ತೆಗೀತಾರೋ ನೋಡೋಣ ಎಂಬುದು ಅವರ ಲೆಕ್ಕ. ಮನೆಮನೆಗೆ ಹೋಗಿ ಓದುಗರನ್ನು ಕರೆದರು. ಕಪಾಟುಗಳನ್ನು ಒರೆಸಿದರು, ಮಾಸಿದ ಬಣ್ಣದ ಕಾಗದ ಕಿತ್ತು ಹೊಸದು ಅಂಟಿಸಿದರು. ಮದುವೆ ಮನೆಯಲ್ಲೂ ಅಂಥ ಸಡಗರ ಇರುವುದಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ಅಧ್ಯಕ್ಷರು, ಸದಸ್ಯರು ಒಂದು ಮೇಜಿಗೆ, ಓದುಗರು ಸುತ್ತ ನಿಂತು, ಅಕ್ಕ ತನ್ನ ಕುರ್ಚಿಯ ಪಕ್ಕದಲ್ಲಿ. ಪೋಸ್ಟ್‌ಮ್ಯಾನ್ ಕೈಕಟ್ಟಿ ಮುಂದೆ ಬಂದರು.

‘ಸಾರ್, ನೀವು ಯಾವ ವಿಷಯ ಬೇಕಾದರೂ ಹೇಳಿ. ನೋಡ್ತಾ ಇರಿ.’

ಅಧ್ಯಕ್ಷರು ನಕ್ಕು, ‘ಸಕ್ಕರೆ ಕಾಯಿಲೆ,’ ಎಂದರು. ಬಹುಶಃ ಅವರಿಗೇ ಇತ್ತೇನೋ. ತರಕಾರಿ ಮಾರುವ ಹೆಂಗಸು ನೇರ ಹಸಿರು ಕಪಾಟಿಗೆ ಹೋಗಿ ಪುಸ್ತಕ ತಂದಿಟ್ಟಳು. ಸದಸ್ಯರೊಬ್ಬರು ಆಸ್ತಿ ಪಾಲಿನ ಕಾನೂನು ಕೇಳಿದರು. ಟೈಲರ್ ತಂದ. ಇನ್ನೊಬ್ಬರು ಜೇನು ಸಾಕಣೆ ಎಂದರು. ಶಾಲೆಯ ಪುಟ್ಟ ಹುಡುಗಿಯೊಬ್ಬಳು ಹಳದಿ ಕಪಾಟಿನಿಂದ ಎಳೆದು ತಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

‘ಎಲ್ಲ ನಾವೇ ಮಾಡ್ಕೋತೀವಿ ಸಾರ್,’ ಪೋಸ್ಟ್‌ಮ್ಯಾನ್ ಹೆಮ್ಮೆಯಿಂದ ಹೇಳಿದರು. ‘ಅಕ್ಕ ಕುರ್ಚಿಯಿಂದ ಏಳೋದೇ ಬೇಡ. ಅಷ್ಟು ಚೆನ್ನಾಗಿ ಕಲಿಸಿದ್ದಾರೆ.’

ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅಕ್ಕನಿಗೆ ಆಗಲೇ ಹೊಳೆದಿತ್ತು. ಪೋಸ್ಟ್‌ಮ್ಯಾನ್ ಕಡೆಗೆ ನೋಡಿ ಸಾಕು ಎನ್ನುವಂತೆ ತಲೆಯಾಡಿಸಿದಳು. ಅವರು ಅದನ್ನು ಸಂಕೋಚ ಎಂದುಕೊಂಡು ಇನ್ನೂ ಎರಡು ಮಾತು ಹೆಚ್ಚು ಹೊಗಳಿದರು. ಪ್ರೀತಿಯಿಂದಲೂ ಮನುಷ್ಯರ ಬೇರು ಕೀಳಬಹುದು, ಪಾಪ, ಅವರಿಗೆ ಅದು ಗೊತ್ತಿರಲಿಲ್ಲ.

‘ತುಂಬಾ ಸಂತೋಷ,’ ಎಂದರು ಅಧ್ಯಕ್ಷರು. ನಿಜವಾಗಿಯೂ ಸಂತೋಷಪಟ್ಟಿದ್ದರು. ‘ಇಂಥ ಜನ ಇದ್ದರೆ ಊರು ಉದ್ಧಾರ ಆಗುತ್ತೆ. ಆದರೆ ಅಮ್ಮಾ, ನೀವೇ ಹೇಳಿ. ಇಷ್ಟನ್ನೂ ಇವರೇ ಮಾಡ್ಕೊಂಡ ಮೇಲೆ ಇಲ್ಲಿ ನಿಮ್ಮ ಕೆಲಸ ಏನು?’

ಪೋಸ್ಟ್‌ಮ್ಯಾನ್ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

‘ಬಂದವರಿಗೆ ಬೇಕಾದ್ದು ಹುಡುಕಿ ಕೊಡ್ತೀನಿ,’ ಎಂದಳು ಅಕ್ಕ.

‘ಅದನ್ನ ಅವರೇ ಹುಡುಕ್ಕೋತಾರಲ್ಲ, ಈಗ ನೋಡಿದ್ವಿ.’

‘ಕೇಳೋಕೆ ಗೊತ್ತಿರೋರು ಹುಡುಕ್ಕೋತಾರೆ ಸಾರ್. ಕೇಳೋಕೆ ಬಾರದವರೂ ಬರ್ತಾರೆ.’

‘ಯಾರು ಅಂಥವರು?’ ಅಧ್ಯಕ್ಷರ ದನಿಯಲ್ಲಿ ಕೊಂಕಿರಲಿಲ್ಲ. ‘ಒಬ್ಬರನ್ನ ತೋರಿಸಿ ಸಾಕು. ನೀವು ಇಲ್ಲದೇ ಇದ್ದಿದ್ದರೆ ಈ ಬಾಗಿಲೊಳಗೆ ಕಾಲಿಡೋಕೆ ಆಗ್ತಿರಲಿಲ್ಲ ಅನ್ನೋರು ಒಬ್ಬರು. ನಾನೇ ಈ ಹುದ್ದೆ ಉಳಿಸಿ ಅಂತ ಬರೀತೀನಿ.’

ಅಂಥವರೊಬ್ಬರು ಅಧ್ಯಕ್ಷರ ಎಡಗಡೆ ಮೂರನೇ ಕುರ್ಚಿಯಲ್ಲೇ ಕೂತಿದ್ದರು. ಅಕ್ಕ ಅವರ ಕಡೆ ನೋಡಿದಳು. ಅವರೂ ನೋಡಿದರು. ಆಕೆ ಕಣ್ಣಲ್ಲೇ ಕೇಳಿದಳು. ಇದಕ್ಕಿಂತ ಹೆಚ್ಚಿಗೆ ಆಕೆ ಯಾರನ್ನೂ ಏನನ್ನೂ ಕೇಳಿದವಳಲ್ಲ. ಪೂರ್ತಿ ಹೇಳುವುದೂ ಬೇಕಿರಲಿಲ್ಲ, ‘ನನಗೆ ಈಕೆಯಿಂದ ಉಪಕಾರ ಆಗಿದೆ’ ಎಂದು ಒಂದೇ ಒಂದು ಮಾತು ಸಾಕಿತ್ತು. ಮೇಸ್ತ್ರಿಯ ತುಟಿ ಅಲುಗಿದಂತೆ ಕಂಡಿತು. ಆಮೇಲೆ ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಇಲ್ಲದ ಕನ್ನಡಕವನ್ನು ತಡಕಿತು. ತಲೆ ತಗ್ಗಿತು.

ಅಕ್ಕನ ನಾಲಿಗೆಯ ತುದಿಗೆ ಅವರ ಹೆಸರು ಬಂದಿತ್ತು. ಹೇಳಿದ್ದರೆ ಕುರ್ಚಿ ಉಳಿಯುತ್ತಿತ್ತು. ಮೇಸ್ತ್ರಿ ಮಾತ್ರ ಆ ಊರಿನಲ್ಲಿ ಮತ್ತೆ ತಲೆಯೆತ್ತಿ ನಡೆಯುತ್ತಿರಲಿಲ್ಲ. ಆಕೆ ಹೆಸರನ್ನು ನುಂಗಿಕೊಂಡಳು.

‘ತೋರಿಸೋ ಹಾಗಿಲ್ಲ ಸಾರ್,’ ಎಂದಳು.

ಅಧ್ಯಕ್ಷರು ಕೈಚೆಲ್ಲಿದರು. ಹಾಲ್ ಇರಲಿ, ಪುಸ್ತಕ ಇರಲಿ, ಬೀಗ ತೆಗೆದು ಹಾಕುವುದನ್ನು ಟ್ಯಾಂಕಿನ ಕಾವಲುಗಾರ ನೋಡಿಕೊಳ್ಳಲಿ, ಹುದ್ದೆ ಬೇಡ. ಒಪ್ಪುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ಎಲ್ಲರಿಗಿಂತ ಕೊನೆಗೆ, ಹೆಗಲಿನ ಮಟ್ಟಕ್ಕೆ, ಮೇಸ್ತ್ರಿಯ ಕೈಯೂ ಎದ್ದಿತು.

ಮನೆಗೆ ಬಂದಾಗ ತಮ್ಮನ ಹೆಂಡತಿ ಸುದ್ದಿ ಕೇಳಿ ಕಾದು ಕೂತಿದ್ದಳು. ‘ಅಷ್ಟು ಜನ ಎದುರಿಗೆ ನಿಂತಿದ್ದರಂತೆ, ಒಬ್ಬರನ್ನ ತೋರಿಸೋಕೆ ಆಗಲಿಲ್ವಾ ಅತ್ತಿಗೆ? ಯಾರ ಕೈಯಾದರೂ ಹಿಡಿದು ಎಳೆದು ನಿಲ್ಲಿಸೋದಲ್ವಾ? ನಾನಾಗಿದ್ದರೆ ಇಡೀ ಬೀದಿ ನಿಲ್ಲಿಸ್ತಿದ್ದೆ.’

‘ಹೊಳೀಲಿಲ್ಲ,’ ಎಂದಳು ಅಕ್ಕ.

‘ಹೊಳೀಲಿಲ್ವಂತೆ. ಇಷ್ಟು ಪುಸ್ತಕದ ಮಧ್ಯೆ ಕೂತು ಒಂದು ಮಾತು ಹೊಳೀಲಿಲ್ವಂತೆ.’ ಬೈಯುತ್ತಲೇ ಅವಳು ಊಟ ಬಡಿಸಿದಳು. ಅಕ್ಕ ಉಂಡು ಎದ್ದಳು.

ಆಕೆಯನ್ನು ಪುರಸಭೆಯ ಕಚೇರಿಯಲ್ಲಿ ಜನನ ಮರಣದ ದಾಖಲೆ ಕೊಡುವ ಕಿಟಕಿಗೆ ಹಾಕಿದರು. ಗಾಜಿಗೆ ಒಂದು ಸಣ್ಣ ತೂತು. ಅದರಲ್ಲಿ ಜನರ ಕೈ ಮಾತ್ರ ಕಾಣುತ್ತಿತ್ತು. ಸತ್ತವರ ಮಗಳೋ ಮಗನೋ ಕಾಗದ ಒಳಗೆ ತಳ್ಳಿದಾಗ ಬಗ್ಗಿ ಮುಖ ನೋಡಲು ಹೋಗಿ ಮೇಲಿನವರಿಂದ ಬೈಸಿಕೊಂಡಳು. ಸಾಲು ತಡವಾಗುತ್ತದಂತೆ. ಆಮೇಲೆ ಆಕೆ ಬಗ್ಗುವುದನ್ನು ಬಿಟ್ಟಳು.

ಇತ್ತ ಲೈಬ್ರರಿಯಲ್ಲಿ ಮೊದಮೊದಲು ಎಲ್ಲ ಸರಿಯಾಗೇ ನಡೆಯಿತು. ಪೋಸ್ಟ್‌ಮ್ಯಾನ್ ಪಟ್ಟಾಗಿ ನಿಂತರು. ಬರಬರುತ್ತಾ ಕಪಾಟಿನ ಯಜಮಾನಿಕೆ ಯಾರದೆಂದು ಅವರಿಗೂ ಟೈಲರ್‌ಗೂ ಮಾತಿಗೆ ಮಾತು ಬೆಳೆದು ಟೈಲರ್ ಬರುವುದನ್ನು ಬಿಟ್ಟ. ಹೊಸ ಪುಸ್ತಕ ತರಿಸಬೇಕಾದರೆ ಬರೆದು ಕೇಳುವವರು ಬೇಕು, ಆ ಹುದ್ದೆಯೇ ಇರಲಿಲ್ಲ. ಪತ್ರಿಕೆ ನಿಂತಿತು. ಹಿಂದಿನ ಕಪಾಟನ್ನು ಯಾರೋ ಜಾಗ ಸಾಲದೆಂದು ಗೋಡೆಗೆ ತಳ್ಳಿದ್ದರು, ಟ್ಯಾಂಕು ಚೆಲ್ಲಿದ ದಿನ ನೀಲಿ ಪುಸ್ತಕಗಳೆಲ್ಲ ಒದ್ದೆಯಾಗಿ ಉಬ್ಬಿಕೊಂಡವು. ಕಾವಲುಗಾರ ಮನಸ್ಸು ಬಂದಾಗ ಬೀಗ ತೆಗೆಯುತ್ತಿದ್ದ. ಮಳೆಗಾಲದ ಹೊತ್ತಿಗೆ ಒಂದು ಮೇಜಿನ ಮೇಲೆ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಚೀಲಗಳು ಬಂದು ಕೂತವು, ಘಾಟಿಗೆ ಹುಡುಗಿಯರು ಓದಲು ಬೇರೆ ಜಾಗ ಹುಡುಕಿಕೊಂಡರು.

ಪೋಸ್ಟ್‌ಮ್ಯಾನ್ ಒಂದು ದಿನ ಕಚೇರಿಯ ಕಿಟಕಿಗೆ ಬಂದರು. ತೂತಿಗೆ ಬಾಯಿ ಹಚ್ಚಿ, ‘ನಿಮ್ಮ ಒಳ್ಳೇದಕ್ಕೇ ಅಂತ ಮಾಡಿದ್ದು ಅಕ್ಕಾ,’ ಎಂದರು. ಸಾಲಿನಲ್ಲಿದ್ದವರು ಹಿಂದಿನಿಂದ ಬೇಗ ಬೇಗ ಎಂದರು. ‘ನನಗೆ ಗೊತ್ತು’ ಎಂದು ಅಕ್ಕ ಹೇಳಿದ್ದು ಗಾಜಿನಾಚೆ ಕೇಳಿಸಿತೋ ಇಲ್ಲವೋ. ಅವರ ಮೇಲೆ ಆಕೆಗೆ ಕೋಪವಿರಲಿಲ್ಲ. ಮೇಸ್ತ್ರಿಯ ಮೇಲೂ ಇಲ್ಲ ಎಂದೇ ಆಕೆ ನಂಬಿದ್ದಳು. ಹೆದರಿದ ಮನುಷ್ಯ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಆ ಮಳೆಗಾಲದ ಕೊನೆಯಲ್ಲಿ ಒಂದು ಸಂಜೆ ಮೇಸ್ತ್ರಿ ಮನೆಗೆ ಬಂದರು. ತಮ್ಮನ ಹೆಂಡತಿ ಒಳಗೆ ಅಡುಗೆ ಮನೆಯಲ್ಲಿದ್ದಳು, ಬಾಗಿಲು ತೆಗೆದದ್ದು ಅಕ್ಕ. ಅವರು ಹೊಸ್ತಿಲಾಚೆಯೇ ನಿಂತರು. ಸೊರಗಿದಂತಿದ್ದರು.

‘ಅಕ್ಕಾ, ಅವತ್ತು ಕೈ ಎತ್ತದೇ ಇದ್ದಿದ್ದರೆ ಯಾಕೆ ಅಂತ ಕೇಳೋರು,’ ಎಂದರು. ‘ಯಾಕೆ ಅಂತ ಕೇಳಿದರೆ ನಾನು ಏನು ಹೇಳ್ಲಿ?’

ಅಕ್ಕ ಬಾಗಿಲು ಹಿಡಿದೇ ನಿಂತಳು.

‘ಲೈಬ್ರರಿಗೆ ಹೋಗಿದ್ದೆ. ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಅಷ್ಟು ಪುಸ್ತಕದ ಮಧ್ಯೆ ನಿಂತ್ಕೊಂಡು ಯಾವುದನ್ನ ತೆಗೀಬೇಕು ಅಂತಾನೂ ತಿಳೀಲಿಲ್ಲ. ಅಲ್ಲೇ ಚೀಲದ ಪಕ್ಕ ಕೂತಿದ್ದು ಎದ್ದು ಬಂದೆ.’ ಅವರು ಪಕ್ಕದ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ‘ಒತ್ತಕ್ಷರ ಅರ್ಧಕ್ಕೇ ನಿಂತಿದೆ. ನಿನ್ನೆ ಮತ್ತೆ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡರು. ನೀವು ಇಲ್ಲೇ, ಮನೇಲೇ, ಸ್ವಲ್ಪ ಹೇಳಿಕೊಟ್ಟರೆ...’

ಒಳಗೆ ಬನ್ನಿ ಎನ್ನಬೇಕೆಂದೇ ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಬೇಕಾದ್ದನ್ನು ಕೇಳಲು ಇಷ್ಟು ಕಷ್ಟಪಟ್ಟ ಮನುಷ್ಯನನ್ನು ಆಕೆ ಹಿಂದೆಂದೂ ಬರಿಗೈಯಲ್ಲಿ ಕಳಿಸಿರಲಿಲ್ಲ. ಅವರು ಕೇಳಿಯೂ ಇದ್ದರು, ಬಾಯಿಬಿಟ್ಟು, ಹೊಸ್ತಿಲಲ್ಲಿ ನಿಂತು. ಆದರೆ ಆಕೆಯ ಬಾಯಿಂದ ಬಂದ ಮಾತು ಬೇರೆ.

‘ಲೈಬ್ರರಿ ತೆಗೆದೇ ಇದೆಯಲ್ಲ ಮೇಸ್ತ್ರಿಗಳೇ. ಅಲ್ಲಿ ಯಾರೂ ಬೇಕಾಗಿಲ್ಲ ಅಂತ ನೀವೇ ಕೈ ಎತ್ತಿದ್ರಿ. ಹೋಗಿ ಓದ್ಕೊಳ್ಳಿ.’

ದನಿ ಏರಿರಲಿಲ್ಲ. ಕಚೇರಿಯ ಕಿಟಕಿಯಲ್ಲಿ ನಾಳೆ ಬನ್ನಿ ಎನ್ನುವ ದನಿ ಅದು. ಮೇಸ್ತ್ರಿ ಆಕೆಯ ಮುಖವನ್ನೇ ನೋಡಿದರು, ಇನ್ನೊಂದು ಮಾತು ಬರಬಹುದೇನೋ ಎಂದು. ಬರಲಿಲ್ಲ. ಅವರು ಕೈ ಮುಗಿದು, ಮೆಟ್ಟಿಲಿಳಿದು, ಗೋಡೆ ಹಿಡಿದುಕೊಂಡು ಬೀದಿಗೆ ಹೋದರು.

‘ಯಾರು ಅತ್ತಿಗೆ ಅದು? ಮೇಸ್ತ್ರಿ ದನಿ ಕೇಳಿಸ್ತು. ಏನಂತೆ ಅವರಿಗೆ?’ ಒಳಗಿನಿಂದ ಕೂಗಿದಳು ತಮ್ಮನ ಹೆಂಡತಿ.

‘ನಮ್ಮ ಬೀದಿ ಚರಂಡಿ ವಿಷಯ,’ ಎಂದಳು ಅಕ್ಕ. ‘ದುರಸ್ತಿ ಮಾಡಿಸ್ತಾರಂತೆ.’

ಬಾಗಿಲ ಅಗುಳಿ ಹಾಕಿ ಆಕೆ ಅಲ್ಲೇ ನಿಂತಳು. ಹಾಲಿನಲ್ಲಿ ಕೈಗಳು ಎದ್ದ ದಿನ ಆಕೆ ಅತ್ತಿರಲಿಲ್ಲ. ಈಗ ಅಳು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಓಡಿ ಹೋಗಿ ಕರೆದರೆ ಮೇಸ್ತ್ರಿ ಇನ್ನೂ ತಿರುವಿನಲ್ಲೇ ಇರುತ್ತಾರೆಂದು ಆಕೆಗೆ ಗೊತ್ತಿತ್ತು. ಆಕೆ ಹೋಗಲಿಲ್ಲ.